ಗದಿಗೆಪ್ಪ ಕೇಳುತ್ತಿದ್ದ ಕೊನೆಯ ಪ್ರಶ್ನೆ

೧೯೫೬ರಲ್ಲಿ ನಾನು ಚೆಂಬೂರಿನ ಒಂದು ಕಣ್ಣಿನ ದವಾಖಾನೆಯಲ್ಲಿ ಗುಮಾಸ್ತನಾಗಿದ್ದೆ. ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಪೊರೆ. ಯಾಕೆ ಇಷ್ಟೊಂದು ಎಂದು ಡಾಕ್ಟರು ತಲೆ ಕೆಡಿಸಿಕೊಂಡು ನನ್ನ ತಲೆ ತಿನ್ನುತ್ತಿದ್ದರು. ವಯಸ್ಸೆಷ್ಟು, ದುಡಿಯುವುದು ಬಿಸಿಲಲ್ಲೋ ಒಲೆಯ ಮುಂದೋ, ಸಕ್ಕರೆ ಕಾಯಿಲೆ ಇದೆಯೋ, ಎಲ್ಲ ಬರೆಯಬೇಕು. ಕೊನೆಯ ಪ್ರಶ್ನೆ: ಊರೂರು ತಿರುಗುವ ನಾಟಿ ವೈದ್ಯರ ಕೈಯಲ್ಲಿ ಕಣ್ಣಿಗೆ ಸೂಜಿ ಹಾಕಿಸಿ ಪೊರೆ ಸರಿಸಿಕೊಂಡಿದ್ದೀರಾ?

ನನ್ನ ಉಡುಪಿ ಕನ್ನಡ ಕೇಳಿದರೆ ದುಡಿಯಲು ಬಂದು ನೆಲೆಸಿದ್ದ ಬಿಜಾಪುರದವರಿಗೆ ನಗು. ಹಾಗಾಗಿ ಅವರನ್ನು ಕೇಳುವ ಕೆಲಸ ಅದೇ ಕಡೆಯ ಆಳು ಗದಿಗೆಪ್ಪನದು. ಆಪರೇಷನ್ನಿನಲ್ಲಿ ರೋಗಿಯ ತಲೆ ಅಲುಗದಂತೆ ಹಿಡಿಯುವುದರಲ್ಲಿ ಅವನದು ಎತ್ತಿದ ಕೈ. ಆದರೆ ಕೊನೆಯ ಪ್ರಶ್ನೆಯನ್ನು ಗೋಡೆ ನೋಡುತ್ತ ಕೇಳುತ್ತಿದ್ದ. ಹೌದೆಂದರೆ ಯಾವ ಊರು, ಯಾವ ವರ್ಷ ಎಂದು ಕೆದಕುತ್ತಿದ್ದ. ರಿಜಿಸ್ಟರಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಹೊತ್ತು ಹಾಳು ಮಾಡುತ್ತಾನೆಂದು ನಾನು ರೇಗುತ್ತಿದ್ದೆ.

ಒಂದು ದಿನ ವಿಕ್ರೋಳಿಯಿಂದ ರಾಚವ್ವ ಸೊಸೆಯ ಕೈ ಹಿಡಿದು ಬಂದಳು. ಬಲಗಣ್ಣು ಬತ್ತಿಹೋಗಿತ್ತು. ಎಡಗಣ್ಣಿನ ಪೊರೆ ಬಲಿತು ಬೆಳಕೊಂದೇ ತಿಳಿಯುತ್ತಿತ್ತು. ಕೊಯ್ದರೆ ಕಾಣುತ್ತದೆ, ತಡವಾದರೆ ಅದೂ ಹೋಗುತ್ತದೆ ಎಂದರು ಡಾಕ್ಟರು.

“ಸೂಜಿ ಹಾಕಿಸಿದ್ರೇನ್ರಿ?” ಗದಿಗೆಪ್ಪ ಕೇಳಿದ.

“ಬಲಗಣ್ಣಿಗೆ. ಇಂಡಿ ಸಂತ್ಯಾಗ, ಇಪ್ಪತ್ತ ವರ್ಷ ಆತು. ಆಂವಾ ಬೆರಳ ತೋರ್ಸಿದ, ಮೂರು ಅಂತ ಎಣಿಸೀನಿ. ಎಂಟ ದಿನ ಪಟ್ಟಿ ಬಿಚ್ಚಬ್ಯಾಡ ಅಂದ. ಒಂಬತ್ತನೇ ದಿನಾನೂ ಬಿಚ್ಚಲಿಲ್ಲ, ಬಂದು ತಾನ ಬಿಚ್ತಾನ ಅಂತ ಕುಂತಿದ್ದೆ. ಕೀವಾಗಿ ಹೋತು. ಇದನ್ನ ಮಾತ್ರ ಯಾರ ಕೈಗೂ ಕೊಡಾಂಗಿಲ್ಲ.” ಅವಳು ಎದ್ದೇಬಿಟ್ಟಳು.

ಗದಿಗೆಪ್ಪ ಅವಳ ಕಾಲ ಬಳಿ ಕುಸಿದು ಕೂತ.

“ಯವ್ವಾ, ಆ ಸೂಜಿ ನಂದ. ಎಂಟ ದಿನ ಅಂದದ್ದು ನಾ ದೂರ ಓಡಿಹೋಗಾಕ. ಈ ಡಾಕ್ಟರು ಹಂಗಲ್ರಿ, ದಿನಾ ಬಂದು ನೋಡ್ತಾರ. ನನ್ನ ಮ್ಯಾಲಿನ ಸಿಟ್ಟಿಗೆ ಈ ಕಣ್ಣ ಕಳಕೋಬ್ಯಾಡ್ರಿ.”

ನನ್ನ ಮೈ ಉರಿದುಹೋಯಿತು. ಮೂರು ವರ್ಷ ಇವನ ಜೊತೆ ಕೂತು ಉಂಡಿದ್ದೆ! ಹನ್ನೆರಡು ವರ್ಷ ಸೂಜಿ ಹಿಡಿದಿದ್ದನಂತೆ, ಒಂದು ಊರಿಗೂ ಎರಡನೇ ಸಲ ಹೋಗಿರಲಿಲ್ಲವಂತೆ. ಒಂಬತ್ತನೇ ದಿನ ಏನಾಗುತ್ತದೆಂದು ಅವನು ಕಂಡದ್ದು ಈ ದವಾಖಾನೆಗೆ ಸೇರಿದ ಮೇಲೆ. ಆಮೇಲೆ ನಿದ್ದೆ ಬಂದಿಲ್ಲ ಎಂದ. ಬರಬಾರದು ಎಂದೇ ನನಗನ್ನಿಸಿತು.

ರಾಚವ್ವ ಮತ್ತೆ ಕೂತಳು.

“ಆವತ್ತ ಈ ಕಣ್ಣ ಕಟ್ಟಿ ಕುಂಡ್ರಿಸಿದ್ದಿ. ನಿನ್ನ ಬೆರಳ ನೋಡೀನಿ, ಮಾರಿ ನೋಡಿಲ್ಲ. ಕೊಯ್ಯಲಿ. ಕಣ್ಣ ಬಂದ್ರ ಮೊದಲ ನೀ ಮುಂದ ನಿಂದ್ರಬೇಕು.”

ಆಪರೇಷನ್ನಿನಲ್ಲಿ ಅವಳ ತಲೆ ಮುಟ್ಟಲು ಅವನು ಒಪ್ಪಲಿಲ್ಲ, ನಾನೇ ಹಿಡಿದೆ. ಪಟ್ಟಿ ಬಿಚ್ಚುವ ತನಕ ಅವನು ಮನೆಗೆ ಹೋಗದೆ ವರಾಂಡದಲ್ಲೇ ಇದ್ದ. ಅತ್ತೆಯ ಕನಸಿನಲ್ಲಿ ಈಗಲೂ ಆ ಮೂರು ಬೆರಳು ಬರುತ್ತವೆ, ಹಿಂದೆ ಮನೆಯಷ್ಟೆತ್ತರದ ಆಳು ನಿಂತಿರುತ್ತಾನೆ, ಚೀರಿ ಏಳುತ್ತಾರೆ ಎಂದು ಸೊಸೆ ನನಗೆ ಹೇಳಿದಳು.

ಪಟ್ಟಿ ಬಿಚ್ಚಿ ಡಾಕ್ಟರು ಕಣ್ಣಿನ ಮುಂದೆ ದಪ್ಪ ಗಾಜು ಹಿಡಿದರು. ಗದಿಗೆಪ್ಪ ಎದುರಿಗೆ ನಿಂತ. ರಾಚವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಶಾಪ ಹಾಕುತ್ತಾಳೆಂದು ನಾನು ಕಾದೆ.

“ಇಷ್ಟ ಸಣ್ಣ ಮನಷ್ಯಾನ ನೀ?” ಎಂದಳು.

ಆಮೇಲೆ ಸೊಸೆಯ ಮುಖ ನೋಡಲು ತಿರುಗಿದಳು, ಮತ್ತೆ ಈ ಕಡೆ ನೋಡಲಿಲ್ಲ. ಗದಿಗೆಪ್ಪ ಮಾತ್ರ ಅಲ್ಲೇ ನಿಂತಿದ್ದ. ಹೋಗು ಎಂದು ನಾನೇ ಹೇಳಬೇಕಾಯಿತು.