ಅಂಟಕ್ಕನ ಮೂಗು

ಅಂಟಕ್ಕನಿಗೆ ಯಾರ ಮಾತಿನ ಮೇಲೂ ನಂಬಿಕೆ ಇರಲಿಲ್ಲ. ಹಾಲು ತಂದವನ ಎದುರಿಗೇ ಹಾಲನ್ನು ಇನ್ನೊಂದು ಪಾತ್ರೆಗೆ ಸುರಿದು ತಳ ನೋಡುವವಳು. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೆ ಎಳೆಯುವವಳು. ಡಾಕ್ಟರು ಮಾತ್ರೆ ಬರೆದುಕೊಟ್ಟರೆ, ಅದೇ ಮಾತ್ರೆಯನ್ನು ಇನ್ನಾರಾದರೂ ನುಂಗಿ ಬದುಕಿದ್ದಾರೆಯೇ ಎಂದು ಬೀದಿಯಲ್ಲೆಲ್ಲ ವಿಚಾರಿಸಿಕೊಂಡೇ ತಾನು ನುಂಗುತ್ತಿದ್ದಳು. ಇಷ್ಟೆಲ್ಲ ಅನುಮಾನದ ನಡುವೆ ಅವಳು ಕಣ್ಣುಮುಚ್ಚಿ ನಂಬುತ್ತಿದ್ದದ್ದು ಒಂದನ್ನೇ. ಅದು ಅವಳ ಸ್ವಂತ ಮೂಗು.

ಆ ಮೂಗಿಗೆ ಕೈತುಂಬ ಕೆಲಸವೂ ಇತ್ತು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮಗ ಚೀಲಗಳಿಗೆ ಚರ್ಮ ಕತ್ತರಿಸುತ್ತಿದ್ದ. ಅಂಟಕ್ಕ ಮತ್ತು ಸೊಸೆ ಆ ಚರ್ಮದ ಒಳಮೈಗೆ ಲೈನಿಂಗ್ ಬಟ್ಟೆ ಅಂಟಿಸುತ್ತಿದ್ದರು. ಮೂವತ್ತೆರಡು ವರ್ಷದಿಂದ, ಯಾವ ಚರ್ಮಕ್ಕೆ ಯಾವ ಅಂಟು ಎಂಬ ತೀರ್ಮಾನ ಅಂಟಕ್ಕನದೇ. ಬೀದಿಯವರು ಆ ಹೆಸರಿಟ್ಟದ್ದೂ ಅದಕ್ಕೇ. ಮೆತ್ತನೆಯ ಚರ್ಮಕ್ಕೆ ಹತ್ತಿಬಟ್ಟೆಯಾದರೆ ರಬ್ಬರ್ ಸೊಲ್ಯೂಷನ್. ಎಷ್ಟು ಮಡಚಿದರೂ ಬಿರುಸಾಗುವುದಿಲ್ಲ. ದಪ್ಪ ಚರ್ಮಕ್ಕೆ ಹಳದಿ ಅಂಟು. ಹಿಡಿದರೆ ಬಿಡುವ ಜಾತಿಯದಲ್ಲ, ಆದರೆ ತೆಳು ಬಟ್ಟೆಗೆ ಹಚ್ಚಿದರೆ ಆಚೆ ಕಡೆಗೆ ಕಲೆ ಮೂಡುತ್ತದೆ. ನೀರಿನ ಬಿಳಿ ಅಂಟನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಚರ್ಮ ನೀರು ಕುಡಿದು ಮುದುಕಿಯಾಗುತ್ತದೆ ಎನ್ನುತ್ತಿದ್ದಳು.

ಯಾವ ಅಂಟೆಂದು ಆರಿಸುವುದಕ್ಕಿಂತ, ಬಳಿದ ಮೇಲೆ ಕಾಯುವುದು ಕಷ್ಟ. ಚರ್ಮಕ್ಕೂ ಬಟ್ಟೆಗೂ ತೆಳ್ಳಗೆ ಬಳಿದು, ಅಂಟನ್ನು ತೆಳುಮಾಡಲು ಬೆರೆಸಿದ ಘಾಟಿನ ಥಿನ್ನರ್ ಹಾರಿಹೋಗುವವರೆಗೆ ಸುಮ್ಮನಿರಬೇಕು. ಅವಸರ ಮಾಡಿ ಒತ್ತಿದರೆ ಥಿನ್ನರ್ ಒಳಗೇ ಸಿಕ್ಕಿಕೊಂಡು ಬಟ್ಟೆ ಗುಳ್ಳೆ ಏಳುತ್ತದೆ. ತಡಮಾಡಿದರೆ ಹಿಡಿಯುವುದೇ ಇಲ್ಲ. ಗಡಿಯಾರ ನೋಡಿ ಪ್ರಯೋಜನವಿಲ್ಲ: ಬಿಸಿಲಿಗೆ ಏಳು ನಿಮಿಷ, ಮೋಡ ಕವಿದರೆ ಇಪ್ಪತ್ತು. ಉಳಿದವರು ಬೆರಳಿನ ಗೆಣ್ಣು ತಾಗಿಸಿ ನೋಡುತ್ತಾರೆ. ಅಂಟಕ್ಕ ಬಗ್ಗಿ ಮೂಸುತ್ತಿದ್ದಳು, ಘಾಟು ಹೋಯಿತೆಂದರೆ ಒತ್ತುತ್ತಿದ್ದಳು.

ಹೀಗಿರುವಾಗ ಒಂದು ದಿನ ಚೀಲದ ಅಂಗಡಿಯವನು ಆರು ಚೀಲ ಹೊತ್ತು ತಂದು ಅವಳ ಮುಂದಿನ ಮಣೆಯ ಮೇಲೆ ಸುರಿದ.

"ಅಕ್ಕ, ಒಳಗೆ ಕೈ ಹಾಕಿ ನೋಡಿ. ಬರೀ ಗುಳ್ಳೆ, ಕಪ್ಪೆ ಮೈ ಸವರಿದ ಹಾಗಿದೆ. ಗಿರಾಕಿಗಳು ಬಾಯಿಗೆ ಬಂದ ಹಾಗೆ ಬೈತಾರೆ."

"ನಮ್ಮ ಕೈಯಲ್ಲಿ ಹೀಗಾಗಲ್ಲಪ್ಪ."

"ಆಗಿದೆಯಲ್ಲ! ಇನ್ನೊಂದ್ಸಲ ಹೀಗಾದ್ರೆ ಕೆಲಸ ಬೇರೆ ಕಡೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ."

ಕೆಲಸ ಕೆಟ್ಟಿದೆ ಅಂದಮೇಲೆ ಕೆಡಿಸಿದವರು ಕೆಲಸದ ಮಣೆ ಬಿಟ್ಟು ಏಳಬೇಕು, ಅದು ಅಂಟಕ್ಕ ತಾನೇ ಮಾಡಿದ್ದ ಕಾನೂನು. ಯಾರು ಏಳಬೇಕು ಎಂಬುದು ಅವಳಿಗೆ ಪ್ರಶ್ನೆಯೇ ಆಗಲಿಲ್ಲ. ಅಂಟಿನ ಡಬ್ಬಿ ತರುವವಳು ಸೊಸೆ. ಈಚೀಚೆಗೆ ಆ ಅಂಟಿಗೆ ಘಾಟೇ ಇಲ್ಲ. ಮುಂಚೆ ಮುಚ್ಚಳ ತೆಗೆದರೆ ಸಾಕು, ನೆತ್ತಿಗೇರುತ್ತಿತ್ತು. ಈಗ ಗಂಜಿ ಇದ್ದ ಹಾಗಿದೆ. ಏನೋ ಕಲಬೆರಕೆ ನಡೆದಿದೆ.

ಅವತ್ತಿನಿಂದ ಅಂಟಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಸೊಸೆ ಡಬ್ಬಿ ತೆರೆದರೆ ಇವಳು ಕೆಮ್ಮುತ್ತ ಹತ್ತಿರ ಬಂದಳು. ಊರಿನ ಇನ್ನೊಂದು ತುದಿಯ ಅಂಟಿನ ಅಂಗಡಿಗೆ ತಾನೇ ನಡೆದುಹೋಗಿ, ಸೀಲು ಒಡೆಯದ ಡಬ್ಬಿ ತಂದು, ಒಳಗಿನ ಕೋಣೆಯಲ್ಲಿ ಕದ ಹಾಕಿಕೊಂಡು ತೆರೆದಳು. ಅದಕ್ಕೂ ಘಾಟಿಲ್ಲ! ಬೇರೆಯವರಾದರೆ ಅಲ್ಲಿಗೆ ಬುದ್ಧಿ ತಂದುಕೊಳ್ಳುತ್ತಿದ್ದರು. ಇವಳು ಮಾತ್ರ, ಆ ಅಂಗಡಿಯವನೂ ಸೊಸೆಯ ಕಡೆಯವನೇ ಎಂದು ತೀರ್ಮಾನಿಸಿದಳು. ಸೊಸೆ ಆ ದಿಕ್ಕಿಗೆ ಒಂದು ದಿನವೂ ಕಾಲಿಟ್ಟವಳಲ್ಲ, ಆದರೆ ಅನುಮಾನಕ್ಕೆ ಅಷ್ಟೆಲ್ಲ ಪುರಾವೆ ಯಾಕೆ ಬೇಕು?

ಮುಂದೆ ಇನ್ನೊಂದು ಸುಳಿವು ಸಿಕ್ಕಿತು. ತಾನು ಅಂಟಿಸಿದ ಪೀಸುಗಳ ಬಟ್ಟೆಯಂಚಿಗೆ ಅವಳು ಗುಟ್ಟಾಗಿ ಸೀಮೆಸುಣ್ಣದ ಗೀಟು ಎಳೆದಿಟ್ಟಿದ್ದಳು. ಮಧ್ಯಾಹ್ನ ಮಲಗಿ ಎದ್ದು ನೋಡಿದರೆ ಇಪ್ಪತ್ತರಲ್ಲಿ ಐದಕ್ಕೆ ಗೀಟೇ ಇಲ್ಲ. ನಿದ್ದೆ ಹತ್ತುವುದನ್ನೇ ಕಾದು ಯಾರೋ ತನ್ನ ಪೀಸುಗಳಿಗೆ ಕೈ ಹಾಕುತ್ತಿದ್ದಾರೆ! ತನ್ನನ್ನು ಮಣೆಯಿಂದ ಎಬ್ಬಿಸುವ ಹುನ್ನಾರವೇ ಇದು. ಮಗನಿಗೆ ಹೇಳಿದಳು.

"ಅಮ್ಮಾ, ನಿಮ್ಮಿಬ್ಬರ ಮಧ್ಯೆ ನನ್ನ ಎಳೀಬೇಡ," ಎಂದು ಅವನು ಮುಖ ತಗ್ಗಿಸಿ ಚರ್ಮ ಕತ್ತರಿಸತೊಡಗಿದ. ಅವನ ಮೇಲೂ ಅನುಮಾನ ಬಂತು.

ಮರುದಿನ ಬೆಳಿಗ್ಗೆ ಅವಳು ಮೂರು ಬಟ್ಟಲು ಜೋಡಿಸಿದಳು. ಒಂದರಲ್ಲಿ ಸೊಸೆ ತಂದ ರಬ್ಬರ್ ಸೊಲ್ಯೂಷನ್, ಇನ್ನೊಂದರಲ್ಲಿ ತಾನು ತಂದದ್ದು, ಮೂರನೆಯದರಲ್ಲಿ ಏನೂ ವಾಸನೆಯಿಲ್ಲದ ಬಿಳಿ ಅಂಟು. ಮೂರನ್ನೂ ಮೂಸಿದಳು. ಮೂರೂ ಒಂದೇ. ಇದಕ್ಕಿಂತ ಸಾಕ್ಷಿ ಬೇಕೇ ಎಂದು, ಅವಳ ಬಾಯಿಂದಲೇ ಒಪ್ಪಿಸಲು ಸೊಸೆಯನ್ನು ಕರೆದಳು.

"ಕಣ್ಣು ಮುಚ್ಕೋ. ಮೂಸಿ ಹೇಳು, ಬಿಳಿ ಅಂಟು ಯಾವುದು?"

ಸೊಸೆ ಬಗ್ಗಿದಳು. "ಇದು."

ಸರಿಯಾಗಿತ್ತು. ಕಳ್ಳಗಣ್ಣಿಂದ ನೋಡಿರಬೇಕೆಂದು ಅಂಟಕ್ಕ ಅವಳ ಕಣ್ಣಿಗೆ ಲೈನಿಂಗ್ ಬಟ್ಟೆ ಬಿಗಿದು, ಬಟ್ಟಲುಗಳನ್ನು ಅದಲುಬದಲು ಮಾಡಿದಳು. ಮತ್ತೆ ಸರಿ. ಮೂರನೇ ಸಲವೂ ಸರಿ.

ಅಷ್ಟರಲ್ಲಿ ಲೈನಿಂಗ್ ಬಟ್ಟೆಯ ಗಂಟು ಹೊತ್ತು ಎದುರುಮನೆಯ ದರ್ಜಿ ಒಳಗೆ ಬಂದ. ಬಂದವನೇ ಕರ್ಚೀಫು ತೆಗೆದು ಮೂಗಿಗೆ ಹಿಡಿದ.

"ಅಬ್ಬಬ್ಬಾ! ಏನಕ್ಕ ಇದು, ತಲೆ ಸುತ್ತುತ್ತೆ. ಕಿಟಕಿನಾದ್ರೂ ತೆಗೀರಿ." ಗಂಟನ್ನು ಹೊಸ್ತಿಲಲ್ಲೇ ಇಟ್ಟು ಹೊರಟುಹೋದ.

ಇವನೂ ಅವಳ ಕಡೆಯವನೇ ಎಂದುಕೊಳ್ಳಲು ಹೊರಟ ಅಂಟಕ್ಕನ ಮನಸ್ಸು ನಡುದಾರಿಯಲ್ಲಿ ನಿಂತುಬಿಟ್ಟಿತು. ದರ್ಜಿಯ ಕಣ್ಣಲ್ಲಿ ನೀರಿತ್ತು. ಯಾರೋ ಹೇಳಿಕೊಟ್ಟರೆ ಬರುವಂಥ ನೀರಲ್ಲ ಅದು. ಅವಳು ಮೂಲೆಗೆ ಹೋಗಿ ಥಿನ್ನರ್ ಕ್ಯಾನಿನ ಬಿರಡೆ ತಿರುಗಿಸಿ ಮೂಗು ಹತ್ತಿರ ತಂದಳು. ಇನ್ನೂ ಹತ್ತಿರ ತಂದಳು. ಗಂಟಲು ಉರಿಯಿತು. ವಾಸನೆ ಮಾತ್ರ ಇಲ್ಲವೇ ಇಲ್ಲ. ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಸೊಸೆ ಕಣ್ಣಿನ ಬಟ್ಟೆ ಬಿಚ್ಚಿ ಬಂದು ಕ್ಯಾನು ಕಿತ್ತುಕೊಂಡಳು. "ಸಾಕು ಅತ್ತೆ."

"ನಿನಗೆ ಗೊತ್ತಿತ್ತಾ?"

"ಎಂಟು ತಿಂಗಳಾಯ್ತು. ಒಲೆ ಮೇಲೆ ಹಾಲು ಸೀದು ಕರಕಲಾಗಿತ್ತು, ನೀವು ಪಕ್ಕದಲ್ಲೇ ಕೂತು ನನ್ನ ತಪ್ಪು ಹುಡುಕ್ತಾ ಇದ್ರಿ."

"ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡಿದ್ದೆ!"

"ಹೇಳಿದ್ರೆ ನಂಬ್ತಿದ್ರಾ?"

ಅಂಟಕ್ಕ ಕೈಯಲ್ಲೇ ಉಳಿದಿದ್ದ ಬಿರಡೆಯನ್ನು ಸೊಸೆಗೆ ಕೊಟ್ಟಳು.

"ನೀವು ಮಲಗಿದಾಗ ಗುಳ್ಳೆ ಎದ್ದ ಪೀಸು ಕಿತ್ತು, ಒರೆಸಿ, ಬೇರೆ ಬಟ್ಟೆ ಹಾಕ್ತಿದ್ದೆ. ಆರು ಮಾತ್ರ ಕಣ್ಣು ತಪ್ಪಿಸ್ಕೊಂಡು ಹೋದವು. ನಿಮ್ಮ ಮೇಲಿನ ಪ್ರೀತಿಗೆ ಅಂದ್ಕೋಬೇಡಿ ಮತ್ತೆ. ಈ ಕೆಲಸ ಹೋದ್ರೆ ಮೂರೂ ಜನ ಬಾಯಿ ಬಿಟ್ಕೊಂಡು ಕೂರಬೇಕು, ಅದಕ್ಕೆ."

ಪ್ರೀತಿಗೆ ಎಂದಿದ್ದರೆ ಅಂಟಕ್ಕ ಖಂಡಿತ ನಂಬುತ್ತಿರಲಿಲ್ಲ. ಇದನ್ನು ನಂಬಿದಳು. ನಂಬಿದ್ದಕ್ಕೇ ನಾಚಿಕೆಯೂ ಆಯಿತು, ಅಳುವೂ ಬಂತು. ಅಳುವನ್ನು ಸೊಸೆಗೆ ತೋರಿಸಬಾರದೆಂದು ಕಿಟಕಿ ತೆಗೆಯುವ ನೆಪದಲ್ಲಿ ಆ ಕಡೆ ತಿರುಗಿದಳು. ತಿರುಗಿ ಬಂದು, ತಾನು ಮಾಡಿದ ಕಾನೂನನ್ನು ತಾನೇ ಪಾಲಿಸುವವಳಂತೆ ಮಣೆಯ ಪಕ್ಕ ನಿಂತುಕೊಂಡಳು.

"ನಿಂತ್ಕೊಂಡ್ರೆ ವಾಪಸ್ ಬಂದ ಆರು ಚೀಲ ಯಾರು ಸರಿ ಮಾಡೋದು? ಕೂತ್ಕೊಳ್ಳಿ. ನಿಮ್ಮ ಹಾಗೆ ಸುಕ್ಕಿಲ್ಲದೆ ಬಟ್ಟೆ ಹಾಸೋಕೆ ನನಗೆ ಬರಲ್ಲ," ಎಂದಳು ಸೊಸೆ.

ಅಂಟಕ್ಕ ಕೂತಳು. ಚರ್ಮಕ್ಕೆ ಬಳಿದಳು, ಬಟ್ಟೆಗೆ ಬಳಿದಳು. ಗೆಣ್ಣು ತಾಗಿಸಿ ನೋಡೋಣವೆಂದರೆ ವರ್ಷಗಳ ಅಂಟಿನಲ್ಲಿ ಕೈಯ ಚರ್ಮವೇ ಜಡ್ಡುಗಟ್ಟಿತ್ತು, ಏನೂ ತಿಳಿಯಲಿಲ್ಲ. ಬಟ್ಟೆಯ ಎರಡು ತುದಿ ಹಿಡಿದು ಎತ್ತಿಕೊಂಡು, ನೆಲ ನೋಡುತ್ತ ಕೇಳಿದಳು.

"ಆಯ್ತೇನೇ?"

ಸೊಸೆ ಗೆಣ್ಣು ತಾಗಿಸಿದಳು. "ಇನ್ನೂ ಇಲ್ಲ."

ಬೇಕೆಂದೇ ತಡಮಾಡಿಸಿ ಅಂಟು ಒಣಗಿಸುತ್ತಿದ್ದಾಳೆಯೇ? ಅಂಟಕ್ಕನ ತಲೆಯೊಳಗೆ ಹಳೆಯ ಹುಳ ಒಂದು ಸುತ್ತು ಹೊಡೆಯಿತು. ತೋಳು ನೋಯುತ್ತಿತ್ತು.

"ಈಗ?"

"ಇಲ್ಲ ಅತ್ತೆ. ತಾಳಿ."

ತಾಳಿದಳು. ತಗಡಿನ ಮೇಲೆ ಬಿಸಿಲು ಚಟಚಟ ಎನ್ನುತ್ತಿತ್ತು. ಮಗ ಕತ್ತರಿ ನಿಲ್ಲಿಸಿ ಇತ್ತ ನೋಡುತ್ತಿದ್ದ.

"ಹ್ಞೂಂ, ಹಾಕಿ," ಎಂದಳು ಸೊಸೆ.

ಅಂಟಕ್ಕ ಒಂದು ಸಲ ಅವಳ ಮುಖ ನೋಡಿದಳು. ಆ ಮಾತು ನಿಜವೋ ಸುಳ್ಳೋ ಎಂದು ತಿಳಿಯುವ ದಾರಿ ಅವಳಿಗೆ ಇನ್ನಿರಲಿಲ್ಲ. ಬಟ್ಟೆಯನ್ನು ಮೆಲ್ಲಗೆ ಚರ್ಮದ ಮೇಲೆ ಇಳಿಸಿ, ಅಂಗೈಯಿಂದ ನಡುವಿನಿಂದ ಅಂಚಿಗೆ ಒತ್ತುತ್ತ ಹೋದಳು.