ತಾಳದ ಗುಂಡಿ ಒತ್ತದ ಚಾಚಾ

ಅವರ ಎಡಗೈ ಸುಮ್ಮನಿದ್ದುದನ್ನು ನಾನು ಕಂಡದ್ದಿಲ್ಲ. ಬಲಗೈ ಮೆಹಂದಿ ಹಚ್ಚಿದ ಗಡ್ಡವನ್ನು ನೀವುತ್ತಿದ್ದರೆ, ಎಡಗೈಯ ಬೆರಳುಗಳು ಚಹಾದ ಬಸಿಯ ಮೇಲೋ ಸ್ಕೂಟರಿನ ಸೀಟಿನ ಮೇಲೋ ನಮಗೆ ಕೇಳಿಸದ ಯಾವುದೋ ಹಾಡನ್ನು ನುಡಿಸುತ್ತಿದ್ದವು.

ಅಥಣಿ ರಸ್ತೆಯ ನಮ್ಮ ಬಡಾವಣೆಗೆಲ್ಲ ಅವರು ಕೀಬೋರ್ಡ್ ಚಾಚಾ. ಯೌವನದಲ್ಲಿ ಪುಣೆಯ ರಾಕ್ ತಂಡಗಳಲ್ಲಿ ನುಡಿಸಿ, ವಿಜಯಪುರಕ್ಕೆ ಮರಳಿ, ಒಬ್ಬ ಡ್ರಮ್ಮರ್ ಮತ್ತು ಇಬ್ಬರು ಗಿಟಾರಿನವರನ್ನು ಕೂಡಿಸಿಕೊಂಡು ತಮ್ಮದೇ ತಂಡ ಕಟ್ಟಿದ್ದರು. ಮದುವೆಯ ಆರತಕ್ಷತೆಗಳಲ್ಲಿ ಅತಿಥಿಗಳಿಗೆ ಸಿನಿಮಾ ಹಾಡು. ಅವರು ಊಟಕ್ಕೆ ಎದ್ದ ಮೇಲೆ ಖಾಲಿ ಕುರ್ಚಿಗಳಿಗೆ ರಾಕ್.

ನನ್ನ ಕುತೂಹಲವೆಲ್ಲ ಒಂದು ಗುಂಡಿಯ ಬಗೆಗೆ. ಅದನ್ನು ಒತ್ತಿದರೆ ಕೀಬೋರ್ಡಿನಲ್ಲೇ ಡ್ರಮ್ಮು, ಗಿಟಾರು ತಾವಾಗಿ ಮೊಳಗುತ್ತವೆ; ಒಬ್ಬನೇ ಇಡೀ ತಂಡವಾಗುತ್ತಾನೆ. ಸುತ್ತಲಿನ ಎಷ್ಟೋ ತಂಡಗಳು ಹೀಗೆಯೇ ಕರಗಿದ್ದವು. ಚಾಚಾ ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ. ಏಕೆ?

ಒಮ್ಮೆ ಕಲ್ಯಾಣ ಮಂಟಪದ ಮಾಲೀಕರೊಬ್ಬರು ವರ್ಷವಿಡೀ ಕಾರ್ಯಕ್ರಮ ಕೊಡುವುದಾಗಿ ಬಂದರು. ಚಾಚಾ ಒಬ್ಬರೇ ಬರಬೇಕೆಂಬುದು ಅವರ ಷರತ್ತು.

"ನಾಕು ಮಂದಿ ಯಾಕ್ರಿ ಚಾಚಾ? ನಿಮ್ಮ ಪೆಟ್ಟಿಗ್ಯಾಗ ಎಲ್ಲಾ ಐತಲ್ರಿ."

"ಎಲ್ಲಾ ಐತ್ರಿ ಸಾವ್ಕಾರ್ರ. ಜಗಳ ಒಂದಿಲ್ಲ."

ಕೆಲಸ ಕೈತಪ್ಪಿತು. ಗಿಟಾರಿನವರು ಸೊಲ್ಲಾಪುರದ ಕಡೆ ಬೇರೆ ತಂಡ ಹುಡುಕತೊಡಗಿದರು. ಷರತ್ತಿಗೆ ಒಪ್ಪಿಬಿಡಿ ಎಂದು ನಾನು ಕಾಲೇಜಿನ ಚರ್ಚಾಸ್ಪರ್ಧೆಗಳ ಹುರುಪಿನಲ್ಲಿ ವಾದ ಹೂಡಿದೆ. ಚಾಚಾ ಕೊನೆಯವರೆಗೂ ಕೇಳಿ, "ಎದುರಿಗೆ ಯಾರೂ ಇಲ್ದ ನೀ ವಾದಾ ಮಾಡ್ತಿದ್ದೇನಪಾ? ಬಾ, ನಾಳೆ ತಾಲೀಮಿಗೆ" ಎಂದರು.

ತಾಲೀಮು ಸೊಲ್ಲಾಪುರ ರಸ್ತೆಯಲ್ಲಿದ್ದ ಡ್ರಮ್ಮರನ ಗ್ಯಾರೇಜಿನಲ್ಲಿ. ಚಾಚಾ ಕಣ್ಣು ಮುಚ್ಚಿ ವೇಗ ಏರಿಸಿದರು. ಡ್ರಮ್ಮರ್ ತನ್ನ ನಿಧಾನ ಬಿಡಲಿಲ್ಲ.

"ಏ ಮುದುಕಾ, ಯಾವ ಬಸ್ ಹಿಡೀಬೇಕಾಗೈತಿ ನಿನಗ?"

"ನೀ ನಿದ್ದಿ ಮಾಡಾಕತ್ತೀ ಲೇ, ಎಬ್ಬಸಾಕತ್ತೇನಿ!"

ಆ ಎಳೆದಾಟದಲ್ಲಿ ಅವರದೂ ಅಲ್ಲದ, ಇವನದೂ ಅಲ್ಲದ ಮೂರನೆಯ ನಡೆಯೊಂದು ಹುಟ್ಟಿತು. ನಾನಿರುವ ವ್ಯಸನಮುಕ್ತಿ ಬಳಗದ ಪ್ರತಿ ಸಭೆಗೆ ನನ್ನ ಮಾತನ್ನು ಒಪ್ಪದವರನ್ನೂ ಕರೆಯುವ ಅಭ್ಯಾಸ ನನಗೆ ಅಂಟಿಕೊಂಡದ್ದು ಅಲ್ಲಿಂದ. ಆ ಋಣ ಇಂದಿಗೂ ನನ್ನ ಮೇಲಿದೆ.

ಗಿಟಾರಿನವರು ಇನ್ನೂ ತಂಡ ಬಿಟ್ಟಿರಲಿಲ್ಲ; ಬಬಲೇಶ್ವರದಲ್ಲಿ ನಮ್ಮ ಬಳಗ ನಡೆಸಿದ ಸಭೆಯಲ್ಲಿ ನಾಲ್ವರಿಗೂ ವೇದಿಕೆ ಕೊಡಿಸಿದೆ. ಸಂತೆ ಮುಗಿಸಿ ಬಂದ ಜನ ಕೈಚೀಲಗಳನ್ನು ಕೆಳಗಿಟ್ಟು, ನಿಂತೇ ರಾಕ್ ಕೇಳಿದರು. ಅದೇ ಚಾಚಾ ಅವರ ಕೊನೆಯ ಕಾರ್ಯಕ್ರಮವಾಯಿತು. ಈ ಬೇಸಿಗೆಯಲ್ಲಿ ಹೃದಯಾಘಾತವಾಗಿ ಅವರು ತೀರಿಕೊಂಡರು. ತಂಡವೂ ಅಲ್ಲಿಗೆ ಮುಗಿಯಿತೆಂದೇ ಎಲ್ಲರೂ ಭಾವಿಸಿದ್ದೆವು.

ಕೆಲವು ವಾರಗಳ ನಂತರ ಗ್ಯಾರೇಜಿನಲ್ಲಿ ಅವರ ನೆನಪಿಗೆಂದು ಸೇರಿದಾಗ, ತಿಕೋಟಾದಲ್ಲಿ ಶಿಕ್ಷಕಿಯಾಗಿರುವ ಅವರ ಶಿಷ್ಯೆ ಕೀಬೋರ್ಡಿನ ಮುಂದೆ ನಿಂತಳು. ಅರ್ಧ ಹಾಡಿಗೇ ಡ್ರಮ್ಮರ್ ಕೋಲು ನಿಲ್ಲಿಸಿದ.

"ಇದು ಸಾಲಿ ಪ್ರಾರ್ಥನಾ ಅಲ್ಲವಾ ತಂಗಿ. ಜೋರ ಬಾರಸು."

"ನೀವ ಡಬ್ಬಿ ಬಡದಂಗ ಬಡದ್ರ ನಂದ ಹೆಂಗ ಕೇಳಬೇಕ್ರಿ ಕಾಕಾ? ಮೊದಲ ನೀವ ಸಾವಕಾಶ ಬಡೀರಿ."

ಗಿಟಾರಿನವರು ತಲೆ ಎತ್ತಿದರು. ಡ್ರಮ್ಮರ್ ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡ.

"ಐತವಾರ ತಾಲೀಮೈತಿ," ಎಂದ. "ತಡಾ ಮಾಡಬ್ಯಾಡ."