ಕದ್ರಿಗೆ ಹೋದ ಕುರಿ

ರಿಕ್ಷಾದ ಹಿಂದಿನ ಸೀಟನ್ನು ಬಿಚ್ಚಿದಾಗ ಬರುವ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ನೀವು ಸೀಟಿನ ಮೇಲೆ ಕೂರುವವರು, ನಾನು ಅದರ ಒಳಗೆ ಕೈ ಹಾಕುವವನು. ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾದ ತೆಂಗಿನ ನಾರು, ಪೆಟ್ರೋಲು, ಯಾರದೋ ಜಡೆಯಿಂದ ಉದುರಿದ ಮಲ್ಲಿಗೆ, ಮೀನಿನ ಚೀಲದಿಂದ ಸೋರಿದ ನೀರು. ನಾರನ್ನು ಕೊಡವಿದರೆ ಹೇರ್‌ಪಿನ್ನು, ಒಂಟಿ ಓಲೆ, ಪೆನ್ನಿನ ಕ್ಯಾಪು ಬೀಳುತ್ತವೆ. ಇವನ್ನೆಲ್ಲ ನಾನು ಒಂದು ಬಿಸ್ಕೆಟ್ ಡಬ್ಬಿಯಲ್ಲಿ ಹಾಕಿಡುತ್ತೇನೆ. ಕೇಳಿಕೊಂಡು ಬಂದವರು ಕಡಿಮೆ. ತಮ್ಮ ವಸ್ತು ಎಲ್ಲಿ ಬಿತ್ತು ಎಂದು ಕಳೆದುಕೊಂಡವರಿಗೂ ಗೊತ್ತಿರುವುದಿಲ್ಲ.

ಹೋದ ವಾರ ನಮ್ಮ ಚರ್ಚಿನ ವಿಲ್ಸಣ್ಣ ತನ್ನ ರಿಕ್ಷಾವನ್ನು ಅಂಗಡಿಯಲ್ಲಿ ಬಿಟ್ಟು ಹೋಗಿದ್ದ. ಸೀಟಿನ ಸಂದಿಯಿಂದ ಬಿಳಿ ಫ್ಲಾನಲ್ ಬಟ್ಟೆಯ ಒಂದು ಚೂರು ಬಂತು. ಯಾವುದೋ ಮಗುವಿನ ಟೊಪ್ಪಿಯದ್ದಿರಬೇಕು. ಬೆಳಕಿಗೆ ಹಿಡಿದು ನೋಡಿದೆ. ಒಂದು ಕ್ಷಣ ಅದಕ್ಕೆ ನಾಲ್ಕು ಕಾಲು ಕಂಡವು. ಕನ್ನಡಕ ಒರೆಸಿಕೊಂಡ ಮೇಲೆ ಬಟ್ಟೆ ಬಟ್ಟೆಯೇ ಆಯಿತು. ಆದರೆ ಆ ದಿನ ಕತ್ತರಿ ಸರಿಯಾಗಿ ಓಡಲಿಲ್ಲ. ನಗಬೇಡಿ, ಯಾಕೆಂದು ಹೇಳುತ್ತೇನೆ.

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಅದರ ಬಗ್ಗೆ ಬೇಸರವಿಲ್ಲ. ಬೋಳಾರದಲ್ಲಿ ನನ್ನದೇ ಕುಶನ್ ಅಂಗಡಿ ಉಂಟು, ಅಂಗಡಿಯ ಹಿಂದೆ ಒಂದು ಕೋಣೆ ಉಂಟು, ನಾನು ಹಾಕಿದ ಹೊಲಿಗೆ ಬಿಟ್ಟಿತು ಎಂದು ಯಾರೂ ತಿರುಗಿ ಬಂದದ್ದಿಲ್ಲ. ಮದುವೆ ಎಂತಕ್ಕೆ ಆಗಲಿಲ್ಲ ಎಂದು ಕೇಳುವವರಿಗೆ, ಆಗ ಕೈತುಂಬ ಆರ್ಡರ್ ಇತ್ತು ಎನ್ನುತ್ತೇನೆ. ವಾರದ ಆರು ದಿನ ಈ ಉತ್ತರ ನನಗೂ ಸಾಕಾಗುತ್ತದೆ. ಕಷ್ಟ ಭಾನುವಾರದ್ದು. ಆರಾಧನೆ ಮುಗಿದು ಎಲ್ಲರೂ ಚರ್ಚಿನ ಅಂಗಳದಲ್ಲಿ ನಿಂತು ಮಾತಾಡುತ್ತಾರೆ. ಮಾತು ನಿಧಾನಕ್ಕೆ ಮನೆಯಲ್ಲಿ ಬೇಯುತ್ತಿರುವ ಕೋಳಿಯ ಕಡೆಗೆ ತಿರುಗುತ್ತದೆ. ಆಮೇಲೆ ಒಂದೊಂದೇ ಸಂಸಾರ ಗೇಟು ದಾಟುತ್ತದೆ. ನಾನು ಅವಸರದ ಕೆಲಸ ಇದ್ದವನ ಹಾಗೆ ವಾಚು ನೋಡಿ ಹೋಟೆಲಿಗೆ ಹೋಗುತ್ತಿದ್ದೆ.

ಇದರಿಂದ ನನ್ನನ್ನು ತಪ್ಪಿಸಿದವರು ಸುಗುಣ ಟೀಚರ್. ಚರ್ಚಿನಲ್ಲಿ ಸಣ್ಣ ಮಕ್ಕಳ ಸಂಡೇ ಸ್ಕೂಲ್ ನಡೆಸುತ್ತಿದ್ದವರು. ಒಂದು ದಿನ ನೀಲಿ ಬಟ್ಟೆಯ ಸುರುಳಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ಬಂದರು.

"ಇದಕ್ಕೊಂದು ಹೊಲಿಗೆ ಹಾಕಿ ಕೊಡಿ ಮಾರಾಯ್ರೆ. ಕೆಂಪು ಸಮುದ್ರ ನಡುವಲ್ಲಿ ಹರಿದು ಹೋಗಿದೆ."

"ಅದು ಎರಡಾಗ್ಬೇಕಲ್ಲ ಟೀಚರ್?"

"ಆಗ್ಬೇಕು. ಮೋಶೆ ಬಂದು ಕೋಲೆತ್ತಿದ ಮೇಲೆ. ಮೊದಲೇ ಆದ್ರೆ ಅವನಿಗೆ ಎಂತ ಕೆಲಸ?"

ಈಗಿನ ಮಕ್ಕಳು ಇದನ್ನು ನೋಡಿರಲಿಕ್ಕಿಲ್ಲ. ಒಂದು ಹಲಗೆಗೆ ಫ್ಲಾನಲ್ ಬಟ್ಟೆ ಹೊದಿಸಿರುತ್ತದೆ. ಬೈಬಲಿನ ಮೋಶೆ, ದಾವೀದ, ಒಂಟೆ, ದೋಣಿ ಎಲ್ಲ ಕತ್ತರಿಸಿದ ಚಿತ್ರಗಳು. ಅವುಗಳ ಬೆನ್ನಿಗೂ ಅದೇ ಬಟ್ಟೆ. ಒತ್ತಿದರೆ ಅಂಟು ಇಲ್ಲದೆ ನಿಲ್ಲುತ್ತವೆ, ಎಳೆದರೆ ಬರುತ್ತವೆ. ಕತೆ ಹೇಳುತ್ತ ಹೇಳುತ್ತ ಒಬ್ಬೊಬ್ಬರನ್ನೇ ಹಲಗೆಯ ಮೇಲೆ ತರುವುದು.

ಸಮುದ್ರ ಹೊಲಿದು ಭಾನುವಾರ ಚರ್ಚಿನ ಮಹಡಿಯ ಹಾಲಿಗೆ ಕೊಂಡುಹೋದೆ. ಟೀಚರಿಗೆ ಮೊಣಕಾಲು ನೋವು. "ಹೇಗೂ ಬಂದಿದ್ದೀರಿ, ನಾನು ಕೂತು ಹೇಳ್ತೇನೆ, ನೀವು ನಿಂತು ಅಂಟಿಸಿ" ಎಂದರು. ಹಾಗೆ ಅಂಟಿಸಲು ನಿಂತವನು ವರ್ಷಗಟ್ಟಲೆ ನಿಂತೆ. ಕೊನೆಗೆ ಅವರಿಗೆ ಮಹಡಿ ಹತ್ತಲಿಕ್ಕೇ ಆಗದಾದಾಗ, ಕ್ಲಾಸನ್ನು ನೀವೇ ನೋಡಿಕೊಳ್ಳಿ ಎಂದರು.

"ನಾನು ಏಳನೇ ಕ್ಲಾಸು ಟೀಚರ್."

"ಯೇಸು ಕರೆದಾಗ ಮೀನು ಹಿಡಿಯುವ ಪೇತ್ರ ಎಷ್ಟನೇ ಕ್ಲಾಸು?"

ಕ್ಲಾಸು ನನ್ನದಾಯಿತು.

ಚಿತ್ರಗಳು ಹಳತು, ಅರ್ಧಕ್ಕರ್ಧ ಕಳೆದುಹೋಗಿದ್ದವು. ದಾವೀದ ಕೊಂದ ಗೊಲ್ಯಾತನಿಗೆ ಕಿರೀಟ ಹೊಲಿದು ಐಗುಪ್ತದ ರಾಜ ಫರೋಹನನ್ನು ಮಾಡಿದೆ. ಮಕ್ಕಳ ಕಣ್ಣು ತಪ್ಪಿಸುವುದುಂಟೇ?

"ಅಂಕಲ್, ಇವನು ಹೋದ ವಾರ ಸತ್ತಿದ್ದಾನಲ್ಲ?"

"ಇವನು ಅವನ ಅಣ್ಣ. ಸುಮ್ಮನೆ ಕೂತ್ಕೊ."

ಮಕ್ಕಳಿಗೆ ಅತಿ ಇಷ್ಟದ್ದು ಕಳೆದುಹೋದ ಕುರಿಯ ಕತೆ. ಕುರುಬ ಬೇರೆ ಎಲ್ಲ ಕುರಿಗಳನ್ನು ಬಿಟ್ಟು, ತಪ್ಪಿಸಿಕೊಂಡ ಒಂದನ್ನು ಹುಡುಕಿಕೊಂಡು ಹೋಗುತ್ತಾನಲ್ಲ, ಅದು. ನಾನು ಅದನ್ನೊಂದು ಆಟ ಮಾಡಿದ್ದೆ. ಕ್ಲಾಸಿಗೆ ಮೊದಲೇ ಒಂದು ಕುರಿಯನ್ನು ಹಾಲಿನಲ್ಲಿ ಎಲ್ಲಾದರೂ ಬಚ್ಚಿಡುವುದು. ಕತೆ ಮುಗಿದ ಕೂಡಲೇ ಮಕ್ಕಳು ಹುಡುಕುವುದು. ಸಿಕ್ಕಿದವರು ಅದನ್ನು ತಂದು ಕುರುಬನ ಹೆಗಲಿಗೆ ಅಂಟಿಸುವುದು. ಆದರೆ ಮಕ್ಕಳು ಜೋರಾಗಿದ್ದರು. "ಈ ಅಂಕಲ್ ಯಾವಾಗಲೂ ಪರದೆಯ ಹಿಂದೆ ಇಡ್ತಾರೆ" ಎಂದು ಒಬ್ಬಳು ಹೇಳಿದ್ದು ನನಗೆ ಚುಚ್ಚಿತು. ಮುಂದಿನ ಸಲ ಕುರಿಯನ್ನು ಮೂಲೆಯ ಹಾರ್ಮೋನಿಯಂನ ಬೆನ್ನಿಗೆ, ಗಾಳಿ ಹಾಕುವ ಹಲಗೆಯ ಸಂದಿಗೆ ತುರುಕಿದೆ.

ನಾನು ಹಲಗೆಯ ಕಡೆ ಮುಖ ಮಾಡಿ ಕುರುಬನನ್ನು ಗುಡ್ಡ ಹತ್ತಿಸುತ್ತಿದ್ದಾಗ ಗಾಯನ ಮಂಡಳಿಯ ಇಬ್ಬರು ಬಂದು ಹಾರ್ಮೋನಿಯಂ ಎತ್ತಿಕೊಂಡು ಹೋದರಂತೆ. ಪಟ್ಟಣದ ಆಚೆ ಬದಿ, ಕದ್ರಿಯಲ್ಲಿ ಒಂದು ಸಾವು, ಮನೆಯ ಪ್ರಾರ್ಥನೆಗೆ ಬೇಕಾಗಿತ್ತು. ನಾನು ನೋಡಲೇ ಇಲ್ಲ. ಮಕ್ಕಳು ಚಾಪೆ ಮಗುಚಿದರು, ಪರದೆ ಎಳೆದರು, ನನ್ನ ಜೇಬಿಗೂ ಕೈ ಹಾಕಿದರು. ಕೆಳಗಿನಿಂದ ಅಮ್ಮಂದಿರು ಕರೆಯಲು ಶುರು ಮಾಡಿದಾಗ ನಾನು ಮೂಲೆಗೆ ತಿರುಗಿದೆ. ಹಾರ್ಮೋನಿಯಂ ಇದ್ದ ಜಾಗ ಖಾಲಿ, ಅದನ್ನು ಕದ್ರಿಗೆ ಕೊಂಡುಹೋದರು ಎಂದು ಒಬ್ಬ ಹುಡುಗ ಹೇಳಿದ.

"ಕುರಿ ಕದ್ರಿಗೆ ಹೋಗಿದೆ" ಎಂದೆ.

ಎಲ್ಲರೂ ನಕ್ಕು ಇಳಿದರು. ವಿಲ್ಸಣ್ಣನ ಮಗಳು ಹನ್ನಾ ಮಾತ್ರ ನಿಂತಳು. ಮುಂದಿನ ಎರಡು ಹಲ್ಲು ಇಲ್ಲದ ಪ್ರಾಯ.

"ನೀವು ಯಾವಾಗ ಹೋಗ್ತೀರಿ?"

"ಎಲ್ಲಿಗೆ?"

"ಹುಡುಕ್ಲಿಕ್ಕೆ. ಕುರುಬ ಹೋದನಲ್ಲ?"

ಹೋದೆ. ಸಾವಿನ ಮನೆಯ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಗೀತೆ ಮುಗಿಯುವವರೆಗೆ ಕಾದೆ. ಎಲ್ಲರೂ ಕಣ್ಣು ಮುಚ್ಚಿದಾಗ ಹಾರ್ಮೋನಿಯಂನ ಹಿಂದೆ ಕೈ ಆಡಿಸಿದೆ. ಏನೂ ಇರಲಿಲ್ಲ. ದಾರಿಯಲ್ಲಿ ಗಾಳಿಗೆ ಹಾರಿರಬೇಕು. ಆ ಮನೆಯವರು ನನಗೂ ಕಾಫಿ ಕೊಟ್ಟು, "ನೀವು ಬಂದದ್ದು ಒಳ್ಳೆಯದಾಯ್ತು" ಎಂದರು. ತೀರಿಕೊಂಡವರ ಹೆಸರೂ ನನಗೆ ತಿಳಿದಿರಲಿಲ್ಲ. ಆದರೂ ಎದ್ದು ಬರಲು ಮನಸ್ಸಾಗಲಿಲ್ಲ. ಒಳಗೆ ಹೆಂಗಸರು ಪಾತ್ರೆ ಜೋಡಿಸುವ ಸದ್ದು, ಯಾರೋ ಯಾರನ್ನೋ ಊಟಕ್ಕೆ ಒತ್ತಾಯಿಸುವ ದನಿ. ಭಾನುವಾರದ ಮಧ್ಯಾಹ್ನ ಜನ ತುಂಬಿದ ಮನೆಯಲ್ಲಿ ಕೂತದ್ದು ಎಷ್ಟು ಕಾಲದ ಮೇಲೆ ಎಂದು ನೆನಪು ಮಾಡಿಕೊಳ್ಳುತ್ತಿದ್ದೆ.

ಮರುವಾರ ಒಳ್ಳೆಯ ಬಟ್ಟೆಯಲ್ಲಿ ಹೊಸ ಕುರಿ ಕತ್ತರಿಸಿಕೊಂಡು ಹೋದೆ. ಹಳೆಯದಕ್ಕಿಂತ ಚೆಂದ ಇತ್ತು, ನಾನೇ ಹೇಳಬೇಕು. ಹನ್ನಾ ಅದನ್ನು ತಿರುಗಿಸಿ ನೋಡಿದಳು.

"ಇದು ಅದಲ್ಲ. ಅದರ ಕಿವಿಗೆ ಶಾಯಿ ತಾಗಿತ್ತು."

"ಕುರಿ ಎಲ್ಲ ಒಂದೇ ಅಲ್ವಾ ಮಗಾ?"

"ಹಾಗಾದ್ರೆ ಕುರುಬ ಯಾಕೆ ಹೋದ? ಹೊಸದು ತಗೊಳ್ಬಹುದಿತ್ತಲ್ಲ?"

ಆ ಕತೆಯ ಮೇಲೆ ಸಭಾಪಾಲಕರು ಚರ್ಚಿನಲ್ಲಿ ಮಾಡಿದ ಎಷ್ಟೋ ಪ್ರಸಂಗ ಕೇಳಿದ್ದೇನೆ. ಈ ಪ್ರಶ್ನೆ ಅವು ಯಾವುದರಲ್ಲೂ ಬಂದಿರಲಿಲ್ಲ. ಅಂದಿನಿಂದ ಕ್ಲಾಸಿನ ಕೊನೆಯ ಪ್ರಾರ್ಥನೆಯಲ್ಲಿ ಹನ್ನಾ ಅಜ್ಜಿಯ ಕೆಮ್ಮಿನ ನಂತರ, ಅಪ್ಪನ ರಿಕ್ಷಾದ ಮೊದಲು, "ಕದ್ರಿಗೆ ಹೋದ ಕುರಿ ಸಿಗಲಿ" ಎಂದು ಸೇರಿಸುತ್ತಿದ್ದಳು. ಉಳಿದವರೆಲ್ಲ ಗಟ್ಟಿಯಾಗಿ ಆಮೆನ್ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ.

ಆ ಮಕ್ಕಳು ದೊಡ್ಡವರಾದರು, ಬೇರೆಯವರು ಬಂದರು. ಹೋದ ವರ್ಷ ಹಾಲಿಗೆ ದೊಡ್ಡ ಪರದೆಯೂ ಪ್ರೊಜೆಕ್ಟರೂ ಬಂದವು. ಕಾಲೇಜಿನಲ್ಲಿ ಕಲಿಸುವ ಒಬ್ಬ ಹುಡುಗಿ ಬಂದು ಬಹಳ ಮರ್ಯಾದೆಯಿಂದಲೇ, "ಅಂಕಲ್, ನೀವು ಎಷ್ಟು ವರ್ಷ ಮಾಡಿದ್ದೀರಿ, ಇನ್ನು ಸ್ವಲ್ಪ ರೆಸ್ಟ್ ತಗೊಳ್ಳಿ" ಎಂದಳು. "ನನಗೂ ಅಂಗಡಿಯಲ್ಲಿ ಕೆಲಸ ತುಂಬಾ ಉಂಟು" ಎಂದೆ. ಅವಳಿಗೆ ನಿಜಕ್ಕೂ ಸಮಾಧಾನ ಆಯಿತು. ನನ್ನ ಮುಖ ನನ್ನ ಹೊಲಿಗೆಯ ಹಾಗೆಯೇ, ಒಳಗಿನದನ್ನು ಹೊರಗೆ ಬಿಡುವುದಿಲ್ಲ.

ಕೆಲವು ವಾರ ಕೊನೆಯ ಬೆಂಚಿನಲ್ಲಿ ಕೂತೆ. ಮೇಲಿನಿಂದ ಮಕ್ಕಳು ಕುಣಿಯುವ ಸದ್ದು ಕೇಳುತ್ತಿತ್ತು. ಒಂದು ಭಾನುವಾರ ಅಂಗಡಿ ತೆರೆದೆ. ಮುಂದಿನ ಭಾನುವಾರವೂ ತೆರೆದೆ. ಯಾರಾದರೂ ಬಂದು "ಎಂತ, ಕಾಣುವುದೇ ಇಲ್ಲ?" ಎಂದು ಕೇಳಿದರೆ ಹೇಳಲಿಕ್ಕೆ ಒಂದು ಗಟ್ಟಿ ಉತ್ತರ ಹೊಲಿದು ಇಟ್ಟುಕೊಂಡಿದ್ದೆ. ಮಳೆಗಾಲ ಹೋಯಿತು, ಕ್ರಿಸ್ಮಸ್ ಹೋಯಿತು. ಯಾರೂ ಕೇಳಲಿಲ್ಲ. ಶಟರ್ ಅರ್ಧ ಎಳೆದು, ದಾರಿಯಲ್ಲಿ ಹೋಗುವವರ ಕಾಲು ಮಾತ್ರ ಕಾಣುವ ಹಾಗೆ ಕೂತು ಹೊಲಿಯುತ್ತಿದ್ದೆ. ಒಂದು ಜೊತೆ ಚಪ್ಪಲಿ ನಿಂತರೂ ಮೆಷಿನ್ ನಿಲ್ಲಿಸುತ್ತಿದ್ದೆ.

ಮೊನ್ನೆ ಶನಿವಾರ ಸಂಜೆ ಸಿದ್ಧವಾದ ರಿಕ್ಷಾ ಕೊಂಡುಹೋಗಲು ವಿಲ್ಸಣ್ಣ ಬಂದ. ಜೊತೆಗೆ ಹನ್ನಾ. ಈಗ ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದುತ್ತಾಳೆ, ಹಾಸ್ಟೆಲಿನಿಂದ ರಜೆಗೆ ಬಂದಿದ್ದಳು. ವಿಲ್ಸಣ್ಣ ಸೀಟನ್ನು ಗುದ್ದಿ ನೋಡಿ, "ಸೋಫಾ ಮಾಡಿ ಬಿಟ್ಟಿರಲ್ಲ ಮಾರ್ರೆ, ಗಿರಾಕಿ ಇನ್ನು ಇಳಿಯುವುದೇ ಇಲ್ಲ" ಎಂದ. ಹನ್ನಾ ಬಾಗಿಲ ಹತ್ತಿರ ನಿಂತಿದ್ದಳು.

"ಅಂಕಲ್, ನಿಮ್ಮ ಬೆಂಚಿನಲ್ಲಿ ಈಗ ಯಾರೋ ಬ್ಯಾಗ್ ಇಡ್ತಾರೆ. ರಜೆಗೆ ಬಂದಾಗೆಲ್ಲ ನೋಡ್ತೇನೆ. ಹುಷಾರಿಲ್ವಾ?"

ಹೊಲಿದಿಟ್ಟ ಉತ್ತರ ಬಾಯಿಗೆ ಬರಲಿಲ್ಲ. "ಕೆಲಸ" ಎಂದೆ.

"ಕುರಿ ಸಿಕ್ಕಿತಾ?"

"ಯಾವ ಕುರಿ?"

"ಕದ್ರಿಗೆ ಹೋದದ್ದು. ನಾನು ಈಗಲೂ ಮಲಗುವಾಗ ಅದಕ್ಕೆ ಪ್ರಾರ್ಥನೆ ಮಾಡ್ತೇನೆ ಅಂಕಲ್. ಅಜ್ಜಿ ಹೋದರು, ಅಪ್ಪನ ರಿಕ್ಷಾ ಎರಡು ಬದಲಾಯ್ತು. ಕುರಿ ಮಾತ್ರ ಬಿಡ್ಲಿಕ್ಕೆ ಆಗ್ಲಿಲ್ಲ. ರೂಮ್‌ಮೇಟ್ ನಗ್ತಾಳೆ."

ಅವಳೂ ನಕ್ಕಳು. ನಾನು ಬಗ್ಗಿ ನೆಲದ ಮೇಲಿನ ಮೊಳೆಗಳನ್ನು ಹೆಕ್ಕಿದೆ. ಅವರು ಹೋದ ಮೇಲೂ ಹೆಕ್ಕುತ್ತಿದ್ದೆ.

ನಿನ್ನೆ ಭಾನುವಾರ ಶಟರ್ ಪೂರ್ತಿ ಎಳೆದು ಬೀಗ ಹಾಕಿದೆ. ಚರ್ಚಿನಲ್ಲಿ ಕೊನೆಯ ಬೆಂಚಿನ ಹೆಂಗಸು ಬ್ಯಾಗ್ ಎತ್ತಿ ತೊಡೆಯ ಮೇಲಿಟ್ಟು, "ಕೂತ್ಕೊಳ್ಳಿ, ಊರಲ್ಲಿ ಇರಲಿಲ್ವಾ?" ಎಂದರು. "ಇಲ್ಲೇ ಇದ್ದೆ" ಎಂದೆ. ಆರಾಧನೆ ಮುಗಿದ ಮೇಲೆ ವಾಚು ನೋಡಲಿಲ್ಲ. ಮಹಡಿ ಹತ್ತಿದೆ. ಕ್ಲಾಸು ಬಿಟ್ಟಿತ್ತು. ಆ ಟೀಚರ್ ಹುಡುಗಿ ವಯರು ಸುತ್ತುತ್ತಿದ್ದವಳು ನನ್ನನ್ನು ನೋಡಿ ತಲೆಯಾಡಿಸಿದಳು. ಮೂಲೆಯಲ್ಲಿ ಹಾರ್ಮೋನಿಯಂ ಧೂಳು ಹಿಡಿದು ಕೂತಿತ್ತು. ಸಿಗುವುದಿಲ್ಲ ಎಂದು ನನಗೆ ಗೊತ್ತುಂಟು. ಆದರೂ ಮೊಣಕಾಲೂರಿ ಅದರ ಹಿಂದಿನ ಸಂದಿಗೆ ಕೈ ಹಾಕಿದೆ.

ಚಪ್ಪಲಿ ಹಾಕುತ್ತಿದ್ದ ಒಂದು ಸಣ್ಣ ಹುಡುಗಿ ಒಂದೇ ಕಾಲಿನ ಚಪ್ಪಲಿಯಲ್ಲಿ ಹತ್ತಿರ ಬಂದಳು.

"ಎಂತ ಹುಡುಕ್ತಿದ್ದೀರಿ?"

"ಒಂದು ಕುರಿ."

ಅವಳು ನಗಲಿಲ್ಲ. ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಸಂದಿಯೊಳಗೆ ಇಣುಕಿದಳು.

"ಯಾವ ಬಣ್ಣದ್ದು?"

"ಬಿಳಿ" ಎಂದೆ. "ಕಿವಿಯಲ್ಲಿ ಸ್ವಲ್ಪ ಶಾಯಿ ಉಂಟು."